ಪ್ರೀಮಿಯರ್ ಶೋನಲ್ಲಿ ಪ್ರೇಕ್ಷಕ

ಚಲನಚಿತ್ರವೊಂದು ಬಿಡುಗಡೆಯಾಗುವುದಕ್ಕೆ ಕೆಲವು ದಿನ ಅಥವಾ ಕೆಲವೇ ಗಂಟೆ ಮೊದಲು, ಅದನ್ನು ಮಾಡಿದವರ ಸಮ್ಮುಖದಲ್ಲಿ ನಡೆಯುವ ವಿಶೇಷ ಪ್ರದರ್ಶನವೇ ಪ್ರೀಮಿಯರ್ ಶೋ. ನಾಯಕ, ನಾಯಕಿ, ನಿರ್ದೇಶಕ, ನಿರ್ಮಾಪಕ, ತಂತ್ರಜ್ಞರು, ಅವರ ಮನೆಮಂದಿ, ಪತ್ರಕರ್ತರು ಎಲ್ಲರೂ ಸೇರುವ ಆ ಸಂಜೆಯನ್ನು ಸಾಮಾನ್ಯ ಪ್ರೇಕ್ಷಕ ಬಹುಕಾಲ ಪತ್ರಿಕೆಯ ಸಿನಿಮಾ ಪುರವಣಿಯಲ್ಲಿ, ಟಿವಿಯಲ್ಲಿ ನೋಡಿ ಖುಷಿಪಟ್ಟದ್ದೇ ಹೆಚ್ಚು. ಈಗ ಆ ಬಾಗಿಲು ತೆರೆದಿದೆ. ಬೆಂಗಳೂರಿನ ಕೆಂಪಾಪುರದ ಕಾಫಿ ಬೋರ್ಡ್ ಲೇಔಟ್‌ನಲ್ಲಿ ಮನೆ ಇರುವವರು ಮೊಬೈಲ್‌ನಲ್ಲೇ ಟಿಕೆಟ್ ತೆಗೆದುಕೊಂಡು, ಬಳ್ಳಾರಿ ರಸ್ತೆ ಹಿಡಿದು ಬ್ಯಾಟರಾಯನಪುರದ ಮಾಲ್‌ಗೆ ಹೋಗಿ, ಚಿತ್ರದ ನಾಯಕ ಕೂತ ಸಭಾಂಗಣದಲ್ಲೇ ಕೂತು ಸಿನಿಮಾ ನೋಡಿ ಬರಬಹುದು. ಕನ್ನಡ ಚಿತ್ರರಂಗದ ಮಟ್ಟಿಗೆ ಇದು ಸಣ್ಣ ಬದಲಾವಣೆಯಲ್ಲ.

ಈ ಪದ್ಧತಿಯ ಬೇರು ಹಾಲಿವುಡ್‌ನಲ್ಲಿದೆ. ಸಿಡ್ ಗ್ರೌಮನ್ ಎಂಬ ಚಿತ್ರಮಂದಿರದ ಮಾಲೀಕ ಲಾಸ್ ಏಂಜಲೀಸ್‌ನಲ್ಲಿ ಈಜಿಪ್ಷಿಯನ್ ಥಿಯೇಟರ್ ಕಟ್ಟಿಸಿ, 1922ರ ಅಕ್ಟೋಬರ್ 18ರಂದು ಡಗ್ಲಸ್ ಫೇರ್‌ಬ್ಯಾಂಕ್ಸ್ ನಟಿಸಿದ ‘ರಾಬಿನ್ ಹುಡ್’ ಚಿತ್ರದೊಂದಿಗೆ ಅದನ್ನು ಆರಂಭಿಸಿದ. ಹಾಲಿವುಡ್‌ನ ಮೊದಲ ಪ್ರೀಮಿಯರ್ ಎಂದು ಹೆಸರಾದದ್ದು ಅದೇ. ಆ ರಾತ್ರಿಯ ಪ್ರವೇಶಕ್ಕೆ 5 ಡಾಲರ್ ದರವಿತ್ತು. ಉಳಿದ ದಿನಗಳ ಸಂಜೆಯ ಪ್ರದರ್ಶನಕ್ಕೆ ಒಂದೂವರೆ ಡಾಲರ್ ಕೊಟ್ಟರೆ ಒಳ್ಳೆಯ ಸೀಟೇ ಸಿಗುತ್ತಿತ್ತು. ಎಂದರೆ ಹೆಚ್ಚಿನ ಹಣ ಕೊಟ್ಟು ಮೊದಲೇ ನೋಡುವ ಆಸೆ ಪ್ರೀಮಿಯರ್ ಹುಟ್ಟಿದ ದಿನದಿಂದಲೂ ಅದರ ಜೊತೆಗೇ ಇದೆ. ಕನ್ನಡ ಚಿತ್ರೋದ್ಯಮದ ಗಾಂಧಿನಗರ ಇಂದು ‘ಪೇಯ್ಡ್ ಪ್ರೀಮಿಯರ್’ ಎಂದು ಕರೆಯುವ, ಹಣ ಕೊಟ್ಟು ಮೊದಲೇ ನೋಡುವ ಪ್ರದರ್ಶನ ಹೊಸ ಪದ್ಧತಿಯೇನಲ್ಲ.

ಕನ್ನಡದ ಮೊದಲ ವಾಕ್ಚಿತ್ರ ‘ಸತಿ ಸುಲೋಚನ’ 1934ರ ಮಾರ್ಚ್ 3ರಂದು ಬೆಂಗಳೂರಿನ ಸಿಟಿ ಮಾರ್ಕೆಟ್ ಬಳಿಯ ಪ್ಯಾರಾಮೌಂಟ್ ಚಿತ್ರಮಂದಿರದಲ್ಲಿ ತೆರೆಕಂಡಿತು. ನಿರ್ದೇಶಕರು ವೈ.ವಿ. ರಾವ್. ಇಂದ್ರಜಿತುವಾಗಿ ಎಂ.ವಿ. ಸುಬ್ಬಯ್ಯ ನಾಯ್ಡು, ಸುಲೋಚನೆಯಾಗಿ ತ್ರಿಪುರಾಂಬ, ರಾವಣನಾಗಿ ಆರ್. ನಾಗೇಂದ್ರರಾಯರು ಅಭಿನಯಿಸಿದ್ದರು. ಸುಬ್ಬಯ್ಯ ನಾಯ್ಡು, ನಾಗೇಂದ್ರರಾಯರು ಅದಾಗಲೇ ನಾಟಕದ ರಂಗದ ಮೇಲೆ ಹೆಸರು ಮಾಡಿದ್ದವರು. ರಂಗದ ಮೇಲೆ ಕಂಡ ಮುಖಗಳು ಪರದೆಯ ಮೇಲೆ ಕನ್ನಡದಲ್ಲಿ ಮಾತಾಡಿದ್ದನ್ನು ಮೊತ್ತಮೊದಲು ಕೇಳಿದವರು ಮಾರ್ಕೆಟ್ ಸುತ್ತಮುತ್ತಲಿನ ಜನ. ಆ ಚಿತ್ರದ ಪ್ರತಿ ಇಂದು ಉಳಿದಿಲ್ಲ. ಅದನ್ನು ಕಣ್ಣಾರೆ ಕಂಡವರು ಆ ಕಾಲದ ಪ್ರೇಕ್ಷಕರಷ್ಟೇ ಎಂಬುದನ್ನು ನೆನೆದರೆ, ಮೊದಲ ದಿನದ ಪ್ರೇಕ್ಷಕನ ಬೆಲೆ ಏನೆಂದು ತಿಳಿಯುತ್ತದೆ.

ಮುಂದಿನ ಹಲವು ದಶಕ ಆ ಮೊದಲ ದಿನದ ಸಡಗರಕ್ಕೆ ಮೆಜೆಸ್ಟಿಕ್‌ನ ಕೆಂಪೇಗೌಡ ರಸ್ತೆ ಮತ್ತು ಅದರ ಸುತ್ತಮುತ್ತಲ ಪ್ರದೇಶವೇ ಅಂಗಳವಾಯಿತು. ಸಾಗರ್, ಸಂತೋಷ್, ನರ್ತಕಿ, ತ್ರಿಭುವನ್, ಭೂಮಿಕಾ, ಮೇನಕಾ, ಅನುಪಮಾ, ಕಪಾಲಿ: ಹೊಸ ಚಿತ್ರಕ್ಕೆ ಇವುಗಳಲ್ಲೊಂದು ‘ಮೇನ್ ಥಿಯೇಟರ್’ ಆಗಿರುತ್ತಿತ್ತು. ಕಟೌಟ್ ನಿಲ್ಲುತ್ತಿದ್ದುದು, ಹೂವಿನ ಹಾರ ಏರುತ್ತಿದ್ದುದು, ಹಾಲಿನ ಅಭಿಷೇಕ ನಡೆಯುತ್ತಿದ್ದುದು, ಪಟಾಕಿ ಸಿಡಿಯುತ್ತಿದ್ದುದು ಅಲ್ಲೇ. ಬೆಂಗಳೂರಿನ ಉತ್ತರ ಭಾಗದವರಿಗೆ ಆರ್.ಟಿ. ನಗರದ ರಾಧಾಕೃಷ್ಣ, ಪುಷ್ಪಾಂಜಲಿ, ಸಂಜಯನಗರದ ವೈಭವ್ ಮುಂತಾದ ಬಡಾವಣೆಯ ಚಿತ್ರಮಂದಿರಗಳಿದ್ದವು. ಆದರೂ ನಾಯಕನ ಮುಖ ಕಾಣುವ ಆಸೆಯಿದ್ದವರು ಬಸ್ಸು ಹತ್ತಿ ಮೆಜೆಸ್ಟಿಕ್‌ಗೇ ಹೋಗುತ್ತಿದ್ದರು. ತಾರೆಯರನ್ನು ನೋಡಲು ಸಿಗುತ್ತಿದ್ದ ಅವಕಾಶ ಎಂದರೆ ಬಿಡುಗಡೆಯ ದಿನ ಅವರು ಚಿತ್ರಮಂದಿರಕ್ಕೆ ಬಂದು ಬಾಲ್ಕನಿಯಿಂದ ಕೈಬೀಸಿದಾಗ, ಇಲ್ಲವೇ ಶತದಿನೋತ್ಸವದ ವೇದಿಕೆಯಲ್ಲಿ. ಚಿತ್ರರಂಗದವರು ಕುಳಿತು ನೋಡುವ ವಿಶೇಷ ಪ್ರದರ್ಶನ ಬೇರೆಯೇ ಕಡೆ, ಬೇರೆಯೇ ಹೊತ್ತಿನಲ್ಲಿ ನಡೆಯುತ್ತಿತ್ತು.

ಪ್ರೇಕ್ಷಕರ ಪ್ರದರ್ಶನ, ಚಿತ್ರರಂಗದವರ ಪ್ರದರ್ಶನ ಎರಡನ್ನೂ ಒಂದುಗೂಡಿಸಿದ್ದು ಮಲ್ಟಿಪ್ಲೆಕ್ಸ್ ಮತ್ತು ಡಿಜಿಟಲ್ ತಂತ್ರಜ್ಞಾನ. ರೀಲಿನ ಕಾಲದಲ್ಲಿ ಒಂದು ಪ್ರಿಂಟ್ ಎಂದರೆ ಹತ್ತಾರು ರೀಲುಗಳ ಭಾರದ ಡಬ್ಬಗಳು. ಅವು ಲ್ಯಾಬ್‌ನಿಂದ ಬಂದು ಚಿತ್ರಮಂದಿರ ಮುಟ್ಟುವುದೇ ಬಿಡುಗಡೆಯ ಹಿಂದಿನ ರಾತ್ರಿ ಎನ್ನುವಂತಿರುತ್ತಿತ್ತು. ಅದಕ್ಕೂ ಮೊದಲೇ ಊರೂರಲ್ಲಿ ಪ್ರದರ್ಶನವೆಂಬುದು ಎಣಿಸಲಾಗದ ಮಾತು. ಈಗ ಸಿನಿಮಾ ಹಾರ್ಡ್ ಡಿಸ್ಕ್ ಮೂಲಕವೋ ಉಪಗ್ರಹದ ಮೂಲಕವೋ ಬೀಗ ಹಾಕಿದ ಕಡತವಾಗಿ ಮೊದಲೇ ಚಿತ್ರಮಂದಿರ ಸೇರಿರುತ್ತದೆ. ಅದನ್ನು ತೆರೆಯುವ ಡಿಜಿಟಲ್ ಕೀ ಬೇರೆಯಾಗಿ ಬರುತ್ತದೆ. ಇದು ಬ್ಯಾಂಕಿನ ಲಾಕರ್ ಕೀಲಿಯಿದ್ದಂತೆ: ಗೊತ್ತುಪಡಿಸಿದ ಯಂತ್ರಕ್ಕೆ, ಗೊತ್ತುಪಡಿಸಿದ ವೇಳೆಗೆ ಮಾತ್ರ ಅದು ನಡೆಯುತ್ತದೆ. ಹಾಗಾಗಿ ನಿರ್ಮಾಪಕರು ಬುಧವಾರ ಸಂಜೆ ಒಂದು ಪರದೆಗಷ್ಟೇ ಅನುಮತಿ ಕೊಟ್ಟು, ಉಳಿದೆಡೆ ಶುಕ್ರವಾರದವರೆಗೆ ತಡೆಹಿಡಿಯಬಹುದು. ಪ್ರೀಮಿಯರ್ ಸಂಜೆ ಏಳಕ್ಕೆ ಎಂದದ್ದು ಏಳೂವರೆಯಾದರೂ ಶುರುವಾಗದಿದ್ದರೆ, ತಾರೆಯರು ತಡವಾಗಿ ಬಂದಿರಬಹುದು. ಕೀ ಬರುವುದು ತಡವಾಗಿರಲೂಬಹುದು.

2022ರಲ್ಲಿ ಈ ಅನುಕೂಲವನ್ನು ಕನ್ನಡದವರು ಚೆನ್ನಾಗಿ ಬಳಸಿಕೊಂಡರು. ಜೂನ್ 10ರಂದು ಬಿಡುಗಡೆಯಾದ ರಕ್ಷಿತ್ ಶೆಟ್ಟಿಯವರ ‘777 ಚಾರ್ಲಿ’ಯನ್ನು ಅದಕ್ಕೂ ಮೊದಲೇ ದೇಶದ 21 ನಗರಗಳಲ್ಲಿ ಪ್ರೀಮಿಯರ್ ಮಾಡಲಾಯಿತು. ನಾಯಿ ಮತ್ತು ಒಂಟಿ ಮನುಷ್ಯನ ಕಥೆ ಹೇಗಿದೆಯೆಂದು ಕಣ್ಣೊರೆಸಿಕೊಂಡು ಹೊರಬಂದ ಪ್ರೇಕ್ಷಕರೇ ಊರಿಗೆಲ್ಲ ಹೇಳಿದರು. ಅದೇ ವರ್ಷ ಅಕ್ಟೋಬರ್ 28ರಂದು ಪುನೀತ್ ರಾಜ್‌ಕುಮಾರ್ ಅವರ ‘ಗಂಧದ ಗುಡಿ’ ತೆರೆಕಂಡಿತು. ಹಿಂದಿನ ಸಂಜೆಯೇ ಪ್ರೀಮಿಯರ್ ಪ್ರದರ್ಶನಗಳಿದ್ದವು. ಅವರು ತೀರಿಕೊಂಡು ವರ್ಷ ತುಂಬಲು ಇನ್ನೆರಡು ದಿನವಿದ್ದ ಆ ಸಂಜೆ, ಸಿನಿಮಾ ನೋಡಲು ಬಂದವರಲ್ಲಿ ಅನೇಕರು ‘ಅಪ್ಪು’ ಎಂದೇ ಅಭಿಮಾನಿಗಳು ಕರೆಯುವ ಪುನೀತ್ ಅವರನ್ನು ಇನ್ನೊಮ್ಮೆ ಕಾಣಲು ಬಂದವರು. 2025ರ ಜುಲೈ 25ರಂದು ಬಂದ ಜೆ.ಪಿ. ತುಮಿನಾಡು ನಿರ್ದೇಶನದ ‘ಸು ಫ್ರಮ್ ಸೋ’ ಇನ್ನೂ ದೊಡ್ಡ ಪಾಠ ಕಲಿಸಿತು. ಭಾರಿ ಪ್ರಚಾರವಿಲ್ಲದ ಕರಾವಳಿಯ ಆ ಹಾಸ್ಯಚಿತ್ರ ಪೇಯ್ಡ್ ಪ್ರೀಮಿಯರ್‌ಗಳ ಬಾಯಿಮಾತಿನಿಂದಲೇ ನಿಂತಿತು.

ಸಾಮಾನ್ಯ ಪ್ರೇಕ್ಷಕ ಪ್ರೀಮಿಯರ್‌ಗೆ ಹೋಗುವ ದಾರಿಗಳು ಮೂರ್ನಾಲ್ಕು. ಪೇಯ್ಡ್ ಪ್ರೀಮಿಯರ್ ಆದರೆ ಬುಕಿಂಗ್ ಆ್ಯಪ್‌ನಲ್ಲಿ ಟಿಕೆಟ್ ಸಿಗುತ್ತದೆ. ಘೋಷಣೆಯಾದ ಕೂಡಲೇ ನೋಡಬೇಕು. ಆಹ್ವಾನಿತರ ಪ್ರದರ್ಶನ, ಅಂದರೆ ‘ಸೆಲೆಬ್ರಿಟಿ ಶೋ’ ಆದರೆ ಪಾಸ್ ಬೇಕು. ಎಫ್‌ಎಂ ರೇಡಿಯೋ, ಚಿತ್ರತಂಡದ ಸಾಮಾಜಿಕ ಜಾಲತಾಣದ ಖಾತೆ, ಅಭಿಮಾನಿ ಸಂಘಗಳು ಸ್ಪರ್ಧೆ ಇಟ್ಟು ಪಾಸ್ ಕೊಡುವುದುಂಟು. ಚಿತ್ರದಲ್ಲಿ ಕೆಲಸ ಮಾಡಿದ ನೆಂಟರು, ಸ್ನೇಹಿತರಿದ್ದರೆ ಅದು ಅತ್ಯಂತ ಹಳೆಯ ದಾರಿ. ಬೆಂಗಳೂರು ಅಂತರರಾಷ್ಟ್ರೀಯ ಚಲನಚಿತ್ರೋತ್ಸವದ ಪ್ರತಿನಿಧಿ ಪಾಸ್ ಮಾಡಿಸಿಕೊಂಡರೂ ಹಲವು ಚಿತ್ರಗಳ ಮೊದಲ ಪ್ರದರ್ಶನಕ್ಕೆ, ನಿರ್ದೇಶಕರ ಮಾತುಕತೆಗೆ ಹೋಗಬಹುದು. ಇಲ್ಲಿ ಒಂದು ವ್ಯತ್ಯಾಸ ಗಮನದಲ್ಲಿರಲಿ. ಟಿಕೆಟ್ ಎಂದರೆ ಸೀಟು ಖಾತರಿ. ಪಾಸ್ ಎಂದರೆ ಹಾಗೆ ಹೇಳಲಾಗದು. ಕರೆದವರೆಲ್ಲ ಬರುವುದಿಲ್ಲ ಎಂಬ ಲೆಕ್ಕದಲ್ಲಿ ಸೀಟಿಗಿಂತ ಹೆಚ್ಚು ಪಾಸ್ ಹಂಚಿರುತ್ತಾರೆ. ಮುಂಚೆ ಬಂದವರಿಗೆ ಮೊದಲ ಸೀಟು.

ಟಿಕೆಟ್ ದರದ ವಿಷಯ ಕೋರ್ಟ್ ಮೆಟ್ಟಿಲನ್ನೂ ಏರಿತು. ತೆರಿಗೆ ಬಿಟ್ಟು 200 ರೂಪಾಯಿಗಿಂತ ಹೆಚ್ಚು ಪಡೆಯಬಾರದೆಂದು ರಾಜ್ಯ ಸರ್ಕಾರ 2025ರ ಸೆಪ್ಟೆಂಬರ್‌ನಲ್ಲಿ ನಿಯಮ ಮಾಡಿತು. ಅದೇ ತಿಂಗಳು ಹೈಕೋರ್ಟ್ ಅದಕ್ಕೆ ಮಧ್ಯಂತರ ತಡೆ ನೀಡಿತು. ದೊಡ್ಡ ಚಿತ್ರಗಳ ಪ್ರೀಮಿಯರ್ ಟಿಕೆಟ್ ದುಬಾರಿಯೇ. ನಾಲ್ಕು ಜನರ ಸಂಸಾರ ತಿಂಡಿ, ಪಾರ್ಕಿಂಗ್ ಸೇರಿಸಿ ಲೆಕ್ಕ ಹಾಕಿದರೆ ಹಿಂಜರಿಯುವುದು ಸಹಜ. ಪ್ರೀಮಿಯರ್ ಎಲ್ಲರದ್ದಾಗಬೇಕಾದರೆ ಮೊದಲು ಸರಿಯಾಗಬೇಕಾದದ್ದು ಇದು.

ಕೆಂಪಾಪುರದವರಿಗೆ ಹತ್ತಿರದ ದೊಡ್ಡ ತಾಣ ಬ್ಯಾಟರಾಯನಪುರದ ಫೀನಿಕ್ಸ್ ಮಾಲ್ ಆಫ್ ಏಷ್ಯಾ. 2023ರಲ್ಲಿ ತೆರೆದ ಈ ಮಾಲ್‌ನ ಪಿವಿಆರ್ ಐನಾಕ್ಸ್‌ನಲ್ಲಿ 14 ಪರದೆಗಳಿವೆ, ಐಮ್ಯಾಕ್ಸ್ ಕೂಡ ಇದೆ. ಇಷ್ಟು ಪರದೆಗಳಿರುವ ಕಡೆ ಚಿತ್ರತಂಡ ಮೂರ್ನಾಲ್ಕನ್ನು ಒಟ್ಟಿಗೇ ತೆಗೆದುಕೊಂಡು, ಒಂದರಲ್ಲಿ ಚಿತ್ರರಂಗದವರನ್ನೂ ಉಳಿದವುಗಳಲ್ಲಿ ಪ್ರೇಕ್ಷಕರನ್ನೂ ಕೂರಿಸಿ, ನಡುವೆ ತಾನು ಓಡಾಡಬಹುದು. ದೂರ ಕಡಿಮೆಯಾದರೂ ದಾರಿ ಸುಲಭವಲ್ಲ. ಮಾನ್ಯತಾ ಟೆಕ್ ಪಾರ್ಕ್ ಬಿಡುವ ಹೊತ್ತಿಗೆ ರಿಂಗ್ ರಸ್ತೆ ನಿಂತೇಬಿಡುತ್ತದೆ. ಕೆಂಪಾಪುರ, ಹೆಬ್ಬಾಳ ನಿಲ್ದಾಣಗಳನ್ನು ಒಳಗೊಂಡ ವಿಮಾನ ನಿಲ್ದಾಣದ ಮೆಟ್ರೋ ಮಾರ್ಗ ಪೂರ್ತಿಯಾಗುವವರೆಗೆ ಒಂದು ಗಂಟೆ ಮುಂಚೆ ಹೊರಡುವುದೇ ಕ್ಷೇಮ.

ಮಾಲ್‌ನ ಮೇಲಂತಸ್ತಿನಲ್ಲಿರುವ ಚಿತ್ರಮಂದಿರದ ಲಾಬಿ ಪ್ರೀಮಿಯರ್‌ನ ಸಂಜೆ ಬೇರೆಯೇ ಆಗಿರುತ್ತದೆ. ಚಿತ್ರದ ಹೆಸರು ತುಂಬಿದ ದೊಡ್ಡ ಫ್ಲೆಕ್ಸ್, ಅದರ ಮುಂದೆ ಹಾಸಿದ ಕೆಂಪು ಜಮಖಾನ, ಕಂಬಗಳಿಗೆ ಕಟ್ಟಿದ ಹಗ್ಗ, ಆಚೆ ಕ್ಯಾಮೆರಾ ಹಿಡಿದ ಮಾಧ್ಯಮದವರು. ಮೊದಲು ಬರುವವರು ಪೋಷಕ ಕಲಾವಿದರು. ಅವರ ಹಿಂದೆಯೇ ರೇಷ್ಮೆ ಸೀರೆ ಉಟ್ಟ ಅಮ್ಮ, ಗರಿಗರಿ ಬಿಳಿ ಅಂಗಿ ತೊಟ್ಟ ಅಪ್ಪ, ಮೊದಲ ಸಲ ಮಗನ ಮುಖವನ್ನು ದೊಡ್ಡ ಪರದೆಯಲ್ಲಿ ನೋಡಲು ಊರಿನಿಂದ ಬಂದಿರುತ್ತಾರೆ. ನಾಯಕ ಬಂದಾಗ ಲಾಬಿಯೆಲ್ಲ ಒಂದೇ ಕಡೆ ವಾಲುತ್ತದೆ, ಫೋನುಗಳು ಮೇಲೇಳುತ್ತವೆ. ಸೆಲ್ಫಿ ಕೇಳುವುದಾದರೆ ಲಾಬಿಯಲ್ಲಿ, ಅವರು ಮಾಧ್ಯಮದವರೊಡನೆ ಮಾತಾಡಿ ಮುಗಿಸಿದ ಮೇಲೆ ಕೇಳುವುದು ಮರ್ಯಾದೆ. ಒಳಗೆ ಕೂತ ಮೇಲೆ ಅವರೂ ಪ್ರೇಕ್ಷಕರೇ. ತಮ್ಮ ಎರಡು ಮೂರು ವರ್ಷದ ದುಡಿಮೆಯನ್ನು ಜನ ಹೇಗೆ ನೋಡುತ್ತಾರೆಂದು ಎದೆ ಹಿಡಿದುಕೊಂಡು ಕೂತಿರುತ್ತಾರೆ.

ದೀಪ ಆರಿದ ಮೇಲೆ ತಂಬಾಕು ವಿರೋಧಿ ಸಂದೇಶ, ನಂತರ ಸೆನ್ಸಾರ್ ಪ್ರಮಾಣಪತ್ರ. ಅದರ ಮೇಲಿನ ಅಕ್ಷರ ಪ್ರೀಮಿಯರ್‌ಗೂ ಅನ್ವಯಿಸುತ್ತದೆ. ‘ಎ’ ಎಂದಿದ್ದರೆ 18 ತುಂಬದವರನ್ನು ಬಿಡುವಂತಿಲ್ಲ, ಪಾಸ್ ಇದ್ದರೂ ಅಷ್ಟೇ. ‘ಯುಎ’ ದರ್ಜೆಯನ್ನು 2024ರ ನಿಯಮಗಳಲ್ಲಿ 7, 13 ಮತ್ತು 16 ವರ್ಷ ಮೇಲ್ಪಟ್ಟವರಿಗೆ ಎಂದು ಮೂರಾಗಿ ವಿಂಗಡಿಸಲಾಗಿದೆ. ಮಕ್ಕಳನ್ನು ಕರೆದೊಯ್ಯುವವರು ಮೊದಲೇ ನೋಡಿಕೊಳ್ಳಬೇಕು. ಎಷ್ಟೋ ಕನ್ನಡ ಚಿತ್ರಗಳು ಪುನೀತ್ ಅವರಿಗೆ ನಮನ ಸಲ್ಲಿಸಿ ಆರಂಭವಾಗುತ್ತವೆ. ಆ ಭಾವಚಿತ್ರಕ್ಕೆ ಬೀಳುವ ಶಿಳ್ಳೆಯೇ ಸಂಜೆಯ ಮೊದಲ ಶಿಳ್ಳೆ.

ಉತ್ಸಾಹ ಕಾನೂನನ್ನು ಮುಟ್ಟುವುದು ಇಲ್ಲಿಂದ ಮುಂದೆ. ನಾಯಕನ ಎಂಟ್ರಿ ಬಂದಾಗ ಹತ್ತು ಸೆಕೆಂಡ್ ವಿಡಿಯೋ ತೆಗೆದು ಸ್ಟೇಟಸ್‌ಗೆ ಹಾಕುವ ಆಸೆ ಎಲ್ಲರಿಗೂ ಆಗುತ್ತದೆ. ಚಿತ್ರಮಂದಿರದಲ್ಲಿ ಅನುಮತಿಯಿಲ್ಲದೆ ಸಿನಿಮಾ ಚಿತ್ರೀಕರಿಸುವುದು 2023ರಲ್ಲಿ ತಿದ್ದುಪಡಿಯಾದ ಸಿನಿಮಾಟೋಗ್ರಾಫ್ ಕಾಯ್ದೆಯಂತೆ ಅಪರಾಧ. ಶಿಕ್ಷೆ ಮೂರು ತಿಂಗಳಿಂದ ಮೂರು ವರ್ಷ ಸೆರೆವಾಸ. ದಂಡ ಕನಿಷ್ಠ 3 ಲಕ್ಷ ರೂಪಾಯಿ, ಗರಿಷ್ಠ ಚಿತ್ರದ ಒಟ್ಟು ನಿರ್ಮಾಣ ವೆಚ್ಚದ ಶೇ. 5ರವರೆಗೆ. ಕಾನೂನಿನ ಮಾತು ಹಾಗಿರಲಿ, ಬಿಡುಗಡೆಗೆ ಮೊದಲೇ ತಿರುವು ಬಯಲಾದ ಚಿತ್ರಕ್ಕೆ ಆಗುವ ನಷ್ಟ ಚಿಕ್ಕದಲ್ಲ. ಕಥೆ ಕಾಯ್ದುಕೊಳ್ಳುವ ಹೊಣೆ ಪ್ರೀಮಿಯರ್ ನೋಡಿದವರದೂ ಹೌದು.

ಸಿನಿಮಾ ಮುಗಿದ ಕೂಡಲೇ ಏಳಬಾರದು. ಹೆಸರುಗಳು ಇನ್ನೂ ಮೇಲೇರುತ್ತಿರುವಾಗಲೇ ಪಕ್ಕದ ಬಾಗಿಲಿನಿಂದ ಚಿತ್ರತಂಡ ಪರದೆಯ ಮುಂದೆ ಬಂದು ಸಾಲಾಗಿ ನಿಲ್ಲುತ್ತದೆ. ನಿರ್ದೇಶಕ ಮೈಕ್ ಹಿಡಿದು ಒಂದೊಂದೇ ಹೆಸರು ಹೇಳುತ್ತಾ ಹೋಗುತ್ತಾರೆ. ಪರದೆಯಲ್ಲಿ ಎರಡೇ ದೃಶ್ಯಕ್ಕೆ ಬಂದು ಹೋದ ನಟನಿಗೆ ನಾಯಕನಿಗಿಂತ ಜೋರಾಗಿ ಚಪ್ಪಾಳೆ ಬೀಳುವುದುಂಟು. ಮೆಟ್ಟಿಲಿಳಿದು ಬರುವ ಹಿರಿಯ ಹೆಂಗಸೊಬ್ಬರು ಅವನ ಕೈ ಹಿಡಿದು “ತುಂಬಾ ಚೆನ್ನಾಗ್ ಮಾಡಿದ್ದೀಯಪ್ಪಾ” ಎಂದರೆ, ಪಕ್ಕದಲ್ಲಿ ನಿಂತ ಅವನ ಅಮ್ಮ ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಾರೆ. ತಾರೆಯರು ತುಂಬಿದ ಸಭಾಂಗಣದಲ್ಲಿ ಕೂತದ್ದಕ್ಕಿಂತ ಇಂಥ ಗಳಿಗೆಯೇ ಸಾಮಾನ್ಯ ಪ್ರೇಕ್ಷಕನ ಪಾಲಿಗೆ ಪ್ರೀಮಿಯರ್‌ನ ನಿಜವಾದ ಸೊಗಸು.

ಈ ಸಂಭ್ರಮದ ಇನ್ನೊಂದು ಮುಖವನ್ನು ಮರೆಯಲಾಗದು. 2024ರ ಡಿಸೆಂಬರ್ 4ರ ರಾತ್ರಿ ಹೈದರಾಬಾದ್‌ನ ಸಂಧ್ಯಾ ಥಿಯೇಟರ್‌ನಲ್ಲಿ ‘ಪುಷ್ಪ 2’ ಪ್ರೀಮಿಯರ್‌ಗೆ ನಾಯಕನಟ ಬಂದಾಗ ಉಂಟಾದ ನೂಕುನುಗ್ಗಲಿನಲ್ಲಿ ಒಬ್ಬ ತಾಯಿ ಪ್ರಾಣ ಕಳೆದುಕೊಂಡರು. ಅವರ ಮಗ ತೀವ್ರವಾಗಿ ಅಸ್ವಸ್ಥನಾದ. ಸಂಸಾರ ಸಮೇತ ಸಿನಿಮಾ ನೋಡಲು ಬಂದವರು ಅವರು.  ಜನಪ್ರಿಯ ನಟ ಬರುವುದಾದರೆ ಪೊಲೀಸರಿಗೆ ಮೊದಲೇ ತಿಳಿಸುವುದು, ಬರುವ ಹೋಗುವ ದಾರಿ ಬೇರೆ ಮಾಡುವುದು ಆಯೋಜಕರ ಕೆಲಸ. ಪುಟ್ಟ ಮಕ್ಕಳೊಂದಿಗೆ ಹೋದವರು ಬಾಗಿಲ ಬಳಿಯ ಗುಂಪಿಗೆ ಸೇರದೆ, ತುರ್ತು ನಿರ್ಗಮನ ಎಲ್ಲಿದೆಯೆಂದು ಮೊದಲೇ ನೋಡಿಟ್ಟುಕೊಂಡು, ನೂಕುನುಗ್ಗಲು ಕರಗಿದ ಮೇಲೆ ಹೊರಡುವುದು ಒಳ್ಳೆಯದು.

ಹೊರಬಂದ ಪ್ರೇಕ್ಷಕನನ್ನು ಯೂಟ್ಯೂಬ್ ಚಾನೆಲ್‌ಗಳ ಮೈಕ್‌ಗಳು ಕಾಯುತ್ತಿರುತ್ತವೆ. “ಹೇಗಿದೆ ಸರ್ ಸಿನಿಮಾ?”, “ಮೇಡಂ, ಫ್ಯಾಮಿಲಿ ನೋಡಬಹುದಾ?” ಎಂಬ ಪ್ರಶ್ನೆಗೆ ಕೊಟ್ಟ ಉತ್ತರ ‘ಪಬ್ಲಿಕ್ ಟಾಕ್’ ಆಗಿ ರಾತ್ರಿಯೇ ಸಾವಿರಾರು ಜನರ ಫೋನಿಗೆ ತಲುಪುತ್ತದೆ. ಚಿತ್ರ ಹಿಡಿಸದಿದ್ದರೆ ಹಾಗೆಂದೇ ಹೇಳಬಹುದು. ಪಾಸ್ ಕೊಟ್ಟವರ ಋಣಕ್ಕೆ ಹೊಗಳಬೇಕಾಗಿಲ್ಲ. ವಿತರಕರೂ ಮಲ್ಟಿಪ್ಲೆಕ್ಸ್‌ನವರೂ ಆ ರಾತ್ರಿಯಿಂದಲೇ ಮುಂಗಡ ಬುಕಿಂಗ್ ಏರುತ್ತಿದೆಯೇ ಎಂದು ನೋಡುತ್ತಾರೆ. ಏರಿದರೆ ಚಿಕ್ಕ ಪರದೆಯಿಂದ ದೊಡ್ಡದಕ್ಕೆ ಬದಲಿಸುತ್ತಾರೆ, ಪ್ರದರ್ಶನ ಹೆಚ್ಚಿಸುತ್ತಾರೆ. ಇಳಿದರೆ ಸೋಮವಾರದ ಹೊತ್ತಿಗೆ ಆ ಜಾಗಕ್ಕೆ ಬೇರೆ ಚಿತ್ರ ಬಂದಿರುತ್ತದೆ. ‘ಸು ಫ್ರಮ್ ಸೋ’ಗೆ ಬಿಡುಗಡೆಯಾದ ಮೊದಲ ವಾರಾಂತ್ಯದಲ್ಲೇ ಪ್ರದರ್ಶನಗಳು ಹೆಚ್ಚಿದ್ದು ಹೀಗೆ.