ಹಾಡುತ್ತಿರೋದು ಯಾರು?

ಮೊದಲು ಒಂದು ಗೊಂದಲ ಬಗೆಹರಿಸಿಬಿಡೋಣ. ಇಂಡಿ ರಾಕ್‌ನಲ್ಲಿರುವ ‘ಇಂಡಿ’ ನಮ್ಮ ವಿಜಯಪುರ ಜಿಲ್ಲೆಯ, ಲಿಂಬೆಹಣ್ಣಿಗೆ ಹೆಸರಾದ ಇಂಡಿ ಅಲ್ಲ. ಇಂಡಿಯಾ ಅನ್ನೋದರ ಮೊಟಕು ರೂಪವೂ ಅಲ್ಲ. ‘ಇಂಡಿಪೆಂಡೆಂಟ್’ ಪದದ ಬಾಲ ಕತ್ತರಿಸಿದರೆ ಉಳಿಯೋದು ಇದು. ದೊಡ್ಡ ರೆಕಾರ್ಡ್ ಕಂಪನಿಗಳ ಹಂಗಿಲ್ಲದೆ ಸಣ್ಣ ಸಣ್ಣ ಲೇಬಲ್‌ಗಳ ಮೂಲಕ ಹಾಡು ಹೊರತರುತ್ತಿದ್ದ ಬ್ಯಾಂಡ್‌ಗಳಿಗೆ 1980ರ ದಶಕದಲ್ಲಿ ಬ್ರಿಟನ್ನಿನಲ್ಲೂ ಅಮೆರಿಕದಲ್ಲೂ ಈ ಹೆಸರು ಅಂಟಿಕೊಂಡಿತು. ಅಮೆರಿಕದಲ್ಲಿ ಇಂಥ ಹಾಡುಗಳಿಗೆ ಜಾಗ ಕೊಟ್ಟದ್ದು ಕಾಲೇಜು ವಿದ್ಯಾರ್ಥಿಗಳೇ ನಡೆಸುತ್ತಿದ್ದ ಕ್ಯಾಂಪಸ್ ರೇಡಿಯೋಗಳು. ಬರಬರುತ್ತಾ ಅದು ವ್ಯವಹಾರದ ಮಾತಾಗಿ ಉಳಿಯದೆ ಒಂದು ಶೈಲಿಯ ಹೆಸರಾಯಿತು. ಈಗ ದೊಡ್ಡ ಕಂಪನಿಯ ಜೊತೆ ಸಹಿ ಹಾಕಿದ ಬ್ಯಾಂಡನ್ನೂ ಇಂಡಿ ಅಂತಲೇ ಕರೆಯುತ್ತಾರೆ. ಮಡಿವಂತರು ಇದನ್ನು ಒಪ್ಪಲ್ಲ, ಬಿಡಿ.

ನಮ್ಮ ಹಾಸ್ಟೆಲ್‌ಗಳಲ್ಲಿ ಈ ಹಾಡುಗಳನ್ನು ಕೇಳುವವರು ಕಡಿಮೆಯೇನಿಲ್ಲ. ಆದರೆ “ಈ ಹಾಡಿನ ಅರ್ಥ ಏನು ಮಗಾ?” ಅಂತ ಕೇಳಿದರೆ ಸಾಮಾನ್ಯವಾಗಿ ಎರಡು ಥರದ ಉತ್ತರ ಸಿಗುತ್ತೆ. ಒಂದು, “ಅರ್ಥ ಗಿರ್ಥ ಏನೂ ಇಲ್ಲ, ಸುಮ್ನೆ ಬೀಟ್ ಕೇಳು.” ಇನ್ನೊಂದು, “ಅದರೊಳಗೆ ದೊಡ್ಡ ಸೀಕ್ರೆಟ್ ಇದೆ. ಆ ಮೂರನೇ ಲೈನ್‌ನಲ್ಲಿ ಬರೋ ಹಕ್ಕಿ ಅಂದ್ರೆ ಅವನ ಹಳೇ ಗರ್ಲ್‌ಫ್ರೆಂಡ್.” ಎರಡನೆಯ ಗುಂಪಿನವರಿಗೆ ಹಾಡು ಅಂದರೆ ಕ್ವೆಶ್ಚನ್ ಪೇಪರ್. ಎಲ್ಲೋ ಒಂದು ಕಡೆ ಸ್ಕೀಮ್ ಆಫ್ ಇವ್ಯಾಲ್ಯುಯೇಷನ್ ಇದೆ, ಹುಡುಕಿದರೆ ಮಾರ್ಕ್ಸು ಅನ್ನೋ ನಂಬಿಕೆ. ನಮಗೆ ಎರಡೂ ದಾರಿ ಸರಿ ಅನ್ನಿಸಿಲ್ಲ. ‘ಏನು ಅರ್ಥ’ ಅಂತ ಕೇಳೋ ಮುಂಚೆ ‘ಯಾರು ಮಾತಾಡ್ತಿದ್ದಾರೆ’ ಅಂತ ಕೇಳಬೇಕು ಅನ್ನೋದು ನಮ್ಮ ವಾದ. ಅದನ್ನೇ ಮೂರು ನಾಲ್ಕು ಹಾಡುಗಳ ಮೂಲಕ ಹೇಳ್ತೀವಿ.

ಹಾಡಿನ ಅರ್ಥ ಬಿಡಿಸೋದು ನಮ್ಮವರಿಗೆ ಹೊಸದೇನಲ್ಲ. ರಘು ದೀಕ್ಷಿತ್ ಪ್ರಾಜೆಕ್ಟ್ 2008ರ ತಮ್ಮ ಮೊದಲ ಆಲ್ಬಂನಲ್ಲಿ ಶಿಶುನಾಳ ಷರೀಫರ ಗುಡುಗುಡಿಯ ಪದವನ್ನು ಗಿಟಾರ್ ಜೊತೆ ಹಾಡಿತು. ಹೊಸದಾಗಿ ಕೇಳಿದವರಿಗೆ ಅದು ಹುಕ್ಕಾ ಸೇದೋ ಹಾಡು. ಮನೆಯಲ್ಲಿ ಅಜ್ಜಿ ಇದ್ದರೆ ತಕ್ಷಣ ತಿದ್ದುತ್ತಾರೆ: ಅದು ಹುಕ್ಕಾ ಅಲ್ಲಪ್ಪಾ, ಈ ದೇಹ, ಈ ಮನಸ್ಸು. ಸೋರುವ ಮಾಳಿಗೆಯ ಪದವೂ ಹಾಗೆಯೇ, ಅಲ್ಲಿ ರಿಪೇರಿಗೆ ಮೇಸ್ತ್ರಿ ಕರೆದರೆ ಪ್ರಯೋಜನವಿಲ್ಲ. ಅಜ್ಜಿಗೆ ಇದು ಹೇಗೆ ಗೊತ್ತು? ತತ್ವಪದಗಳಿಗೆ ಒಂದು ಕೀಲಿಕೈ ಗೊಂಚಲಿದೆ, ಅದು ಗುರುವಿನಿಂದ ಶಿಷ್ಯನಿಗೆ, ಭಜನೆ ಮೇಳದಿಂದ ಊರಿಗೆ ದಾಟಿ ಬಂದಿದೆ. ಮನೆ ಅಂದರೆ ದೇಹ, ಒಂಬತ್ತು ಬಾಗಿಲು ಅಂದರೆ ಕಣ್ಣು ಕಿವಿ ಮೂಗು ಬಾಯಿ ಇತ್ಯಾದಿ. ಷರೀಫರು ಬರೆಯುವಾಗ ಕೇಳುಗರ ಕೈಯಲ್ಲೂ ಆ ಗೊಂಚಲು ಇತ್ತು.

ಇಂಡಿ ಹಾಡು ಬರೆಯುವವನಿಗೂ ಕೇಳುವವರಿಗೂ ನಡುವೆ ಅಂಥ ಗೊಂಚಲು ಇಲ್ಲ. ಅವನ ಹಕ್ಕಿ ಅವನ ಹಕ್ಕಿಯೇ. ಇನ್ನೊಬ್ಬನ ಹಾಡಿನ ಹಕ್ಕಿಗೂ ಅದಕ್ಕೂ ನಂಟಿಲ್ಲ. ಹಾಗಾಗಿ ಅಜ್ಜಿಯ ವಿಧಾನ ಇಲ್ಲಿ ಕೈಕೊಡುತ್ತೆ. ಇಲ್ಲಿ ಕೆಲಸಕ್ಕೆ ಬರೋದು ಫಸ್ಟ್ ಇಯರ್‌ನ ಮೆಕ್ಯಾನಿಕ್ಸ್. ಫ್ರೀ ಬಾಡಿ ಡಯಾಗ್ರಾಮ್ ನೆನಪಿದೆಯಲ್ಲ? ಮೊದಲು ಆ ಬಾಡಿಯನ್ನು ಸುತ್ತಲಿನದರಿಂದ ಬೇರೆ ಮಾಡಿ ಬರೆಯಬೇಕು, ಆಮೇಲೆ ಅದರ ಮೇಲೆ ಯಾವ್ಯಾವ ದಿಕ್ಕಿನಿಂದ ಬಲ ಬೀಳ್ತಿದೆ ಅಂತ ಬಾಣ ಹಾಕಬೇಕು. ಬಾಡಿಯನ್ನೇ ಗುರುತಿಸದೆ ಬಾಣ ಹಾಕಿದವರಿಗೆ ಸೊನ್ನೆ. ಹಾಡಿನಲ್ಲಿ ‘ನಾನು’ ಅನ್ನುವವನು ಯಾರು, ಯಾರಿಗೆ ಹೇಳ್ತಿದ್ದಾನೆ, ಯಾವಾಗ ಹೇಳ್ತಿದ್ದಾನೆ ಅನ್ನೋದು ಆ ಬಾಡಿ. ಉಳಿದದ್ದೆಲ್ಲ ಬಾಣಗಳು.

ಎಲ್ಲ ಹಾಡಿಗೂ ಇದು ಒಗ್ಗಲ್ಲ ಅಂತಲೂ ಈಗಲೇ ಹೇಳಿಬಿಡೋದು ಒಳ್ಳೇದು. ‘ಸ್ಕಿನ್ನಿ ಲವ್’ ಹಾಡಿದ ಬೋನ್ ಇವೇರ್‌ನ ಜಸ್ಟಿನ್ ವರ್ನನ್ 2006-07ರ ಚಳಿಗಾಲವನ್ನು ಅಮೆರಿಕದ ವಿಸ್ಕಾನ್ಸಿನ್‌ನಲ್ಲಿ ಅಪ್ಪನ ಬೇಟೆ ಕ್ಯಾಬಿನ್ನಿನಲ್ಲಿ ಒಬ್ಬನೇ ಕಳೆದು ಹಾಡು ರೆಕಾರ್ಡ್ ಮಾಡಿದ ಕಥೆ ಬಹಳ ಜನಕ್ಕೆ ಗೊತ್ತು. ಆದರೆ ಆತ ಮೊದಲು ಪದಗಳೇ ಇಲ್ಲದೆ ಬರೀ ಸ್ವರದಲ್ಲಿ ಹಾಡಿಕೊಂಡು, ಆಮೇಲೆ ಆ ಸದ್ದಿಗೆ ಹೊಂದುವ ಪದಗಳನ್ನು ಹುಡುಕಿ ಕೂರಿಸಿದ ಅನ್ನೋದು ಅಷ್ಟು ಜನಕ್ಕೆ ಗೊತ್ತಿಲ್ಲ. ನಮ್ಮ ಸಿನಿಮಾದವರು ಡಮ್ಮಿ ಲಿರಿಕ್ಸ್ ಅಂತ ಮಾಡ್ತಾರಲ್ಲ, ಹೆಚ್ಚೂ ಕಡಿಮೆ ಹಾಗೆ. ಅಂಥ ಹಾಡನ್ನು ಸಾಲು ಸಾಲಾಗಿ ಬಿಡಿಸಲು ಕೂತರೆ ನಿಮ್ಮದೇ ಡೈರಿ ನಿಮಗೆ ಓದಿಸಿದ ಹಾಗಾಗುತ್ತೆ. ಅಲ್ಲಿ ಒಡೆದ ದನಿಯೇ ಅರ್ಥ. ಮುಂದಕ್ಕೆ ಹೋಗೋಣ.

ಒಬ್ಬನೇ ಬರಹಗಾರ, ಎರಡು ಹಾಡು, ಎರಡು ಬೇರೆ ಬೇರೆ ‘ನಾನು’. ಇದಕ್ಕೆ ಒಳ್ಳೇ ಉದಾಹರಣೆ ದಿ ಮೌಂಟನ್ ಗೋಟ್ಸ್. ಹೆಸರಿಗೆ ಬ್ಯಾಂಡು, ಆದರೆ ಹಾಡು ಬರೆಯೋದು ಹಾಡೋದು ಜಾನ್ ಡಾರ್ನಿಯೆಲ್. ಕ್ಯಾಲಿಫೋರ್ನಿಯಾದವರು, ಸೈಕಿಯಾಟ್ರಿಕ್ ನರ್ಸ್ ಆಗಿ ಕೆಲಸ ಮಾಡಿದವರು. 2002ರಲ್ಲಿ ‘ಟ್ಯಾಲಹಾಸೀ’ ಅಂತ ಇವರದೊಂದು ಆಲ್ಬಂ ಬಂತು. ಫ್ಲೋರಿಡಾದ ಒಂದು ಪಾಳು ಮನೆಯಲ್ಲಿ ಕುಡಿಯುತ್ತಾ, ಒಬ್ಬರನ್ನೊಬ್ಬರು ಹಾಳು ಮಾಡುತ್ತಾ ಬದುಕುವ ಗಂಡ ಹೆಂಡತಿಯ ಕಥೆ ಅದು. ಪೂರ್ತಿ ಕಾಲ್ಪನಿಕ ಜೋಡಿ. ಅದರಲ್ಲಿನ ‘ನೋ ಚಿಲ್ಡ್ರನ್’ ಹಾಡಿನಲ್ಲಿ ಆ ಜೋಡಿಯ ಒಬ್ಬರು ತಮ್ಮಿಬ್ಬರಿಗೂ ಕೆಟ್ಟದ್ದೇ ಆಗಲಿ ಅಂತ ಪಟ್ಟಿ ಮಾಡಿ ಹಾರೈಸುತ್ತಾರೆ. ಟ್ಯೂನು ಮಾತ್ರ ಊರ ಜಾತ್ರೆಯಷ್ಟು ಉಲ್ಲಾಸ. 2021ರಲ್ಲಿ ಇದು ಟಿಕ್‌ಟಾಕ್‌ನಲ್ಲಿ ಹಬ್ಬಿತು. ‘ಎಂಥಾ ವಿಷ ಮನುಷ್ಯ ಇವನು’ ಅಂತ ಡಾರ್ನಿಯೆಲ್‌ಗೆ ಬೈಯುವುದು ದುರ್ಯೋಧನನ ಪಾತ್ರಧಾರಿಗೆ ಚೌಕಿಗೇ ಹೋಗಿ ಹೊಡೆದ ಹಾಗೆ.

ಮೂರೇ ವರ್ಷದ ನಂತರ, 2005ರಲ್ಲಿ, ‘ದಿ ಸನ್‌ಸೆಟ್ ಟ್ರೀ’ ಬಂತು. ಅದರಲ್ಲಿ ‘ದಿಸ್ ಇಯರ್’ ಅನ್ನೋ ಹಾಡಿದೆ. ಹದಿನೇಳರ ಹುಡುಗ, ಶನಿವಾರ ಬೆಳಗ್ಗೆ ಮನೆಯಿಂದ ಕಾರು ಹೊಡೆದುಕೊಂಡು ಹೊರಡ್ತಾನೆ, ವಿಡಿಯೋ ಗೇಮ್ ಆಡ್ತಾನೆ, ಕುಡೀತಾನೆ, ಒಬ್ಬಳು ಹುಡುಗಿ ಇದ್ದಾಳೆ. ಸಂಜೆ ವಾಪಸ್ ಬಂದರೆ ಮನೆಯಲ್ಲಿ ಮಲತಂದೆ. ಈ ಸಲದ ‘ನಾನು’ ಪಾತ್ರ ಅಲ್ಲ, ಡಾರ್ನಿಯೆಲ್ ತಾವೇ. ಮಲತಂದೆಯ ಹೊಡೆತ ತಿಂದು ಬೆಳೆದವರು ಅವರು. ಆ ಮನುಷ್ಯ ತೀರಿಕೊಂಡ ಮೇಲೆ ಬರೆದ ಆಲ್ಬಂ ಇದು. ಅಂಥ ಮನೆಗಳಲ್ಲಿ ಇರುವ ಹುಡುಗ ಹುಡುಗಿಯರಿಗೆ, ನೀವು ಜೀವಂತ ಹೊರಗೆ ಬರ್ತೀರಿ ಅನ್ನೋ ಅರ್ಥದ ಮಾತಿನೊಂದಿಗೆ ಅದನ್ನು ಅರ್ಪಿಸಿದ್ದಾರೆ.

ಬಯೋಗ್ರಫಿ ಗೊತ್ತಾಯ್ತು, ಅರ್ಥ ಮುಗೀತು ಅಂದುಕೊಂಡರೆ ಅರ್ಧಕ್ಕೇ ನಿಂತ ಹಾಗೆ. ‘ಯಾವಾಗ ಹೇಳ್ತಿದ್ದಾನೆ’ ಅನ್ನೋ ಪ್ರಶ್ನೆ ಇನ್ನೂ ಕೇಳಿಲ್ಲವಲ್ಲ. ಕ್ರಿಯಾಪದಗಳನ್ನು ಗಮನಿಸಿ. ಕಾರು ಹೊಡೆದದ್ದು, ಆಟ ಆಡಿದ್ದು, ಮನೆಗೆ ಬಂದದ್ದು ಎಲ್ಲ ಭೂತಕಾಲ. ಪಲ್ಲವಿ ಮಾತ್ರ ಭವಿಷ್ಯತ್ತು: ಈ ಒಂದು ವರ್ಷ ದಾಟಿಯೇ ದಾಟ್ತೀನಿ, ದಾಟೋದರಲ್ಲೇ ಪ್ರಾಣ ಹೋದರೂ ಸರಿ ಅನ್ನೋ ಹಟ. ಅಂದರೆ ಹಾಡಿನೊಳಗೆ ಇಬ್ಬರಿದ್ದಾರೆ. ಚರಣ ಹೇಳುವವನು ಸುಮಾರು 38ರ ಗಂಡಸು, ನಡೆದದ್ದನ್ನು ನೆನೆಸಿಕೊಳ್ತಿದ್ದಾನೆ. ಪಲ್ಲವಿ ಕೂಗುವವನು 17ರ ಹುಡುಗ, ಅವನಿಗೆ ಮುಂದೇನಾಗುತ್ತೆ ಗೊತ್ತಿಲ್ಲ. ಹುಡುಗ ಉಳಿದನಾ ಅನ್ನೋದಕ್ಕೆ ಉತ್ತರ ಲಿರಿಕ್ಸ್‌ನಲ್ಲಿ ಎಲ್ಲೂ ಇಲ್ಲ. ಹಾಡ್ತಿರೋ ದನಿಯೇ ಉತ್ತರ. ಡಿಸೆಂಬರ್ 31ಕ್ಕೆ ಜನ ಇದನ್ನು ಸ್ಟೇಟಸ್‌ಗೆ ಹಾಕ್ತಾರೆ, ನಮ್ಮಲ್ಲಿ ಬ್ಯಾಕ್‌ಲಾಗ್ ಇಟ್ಟುಕೊಂಡವರೂ ಕೇಳ್ತಾರೆ. ಕೇಳಲಿ, ತಪ್ಪೇನಿಲ್ಲ, ಹಟದ ಹಾಡು ಯಾವ ಹಟಕ್ಕಾದರೂ ಆಗುತ್ತೆ. ಆದರೆ ರಜೆಗೆ ಎಲ್ಲರೂ ಊರಿಗೆ ಹೊರಟಾಗ ನೆಪ ಹೇಳಿ ಹಾಸ್ಟೆಲ್‌ನಲ್ಲೇ ಉಳಿಯುವ ಹುಡುಗ ಈ ಹಾಡು ಕೇಳಿದರೆ ಅವನಿಗೆ ಕೇಳಿಸೋದು ಬೇರೆಯೇ.

ಇನ್ನು ನಿಜಕ್ಕೂ ಜಗಳ ಹತ್ತುವ ಹಾಡಿಗೆ ಬರೋಣ: ‘ಪಂಪ್ಡ್ ಅಪ್ ಕಿಕ್ಸ್’. ಫೆಸ್ಟ್‌ಗಳಲ್ಲಿ, ರೀಲ್ಸ್‌ಗಳಲ್ಲಿ ಇದರ ಬೇಸ್ ಗಿಟಾರ್ ಮತ್ತು ಸಿಳ್ಳೆ ಕೇಳದವರು ಕಡಿಮೆ. ಲಾಸ್ ಏಂಜಲಿಸ್‌ನಲ್ಲಿ ಜಾಹೀರಾತುಗಳಿಗೆ ಸಂಗೀತ ಮಾಡಿಕೊಂಡಿದ್ದ ಮಾರ್ಕ್ ಫಾಸ್ಟರ್ ಇದನ್ನು ಬರೆದು 2010ರಲ್ಲಿ ಇಂಟರ್ನೆಟ್‌ನಲ್ಲಿ ಪುಕ್ಕಟೆ ಹಾಕಿದರು. ಅದು ಹಬ್ಬಿದ ರಭಸಕ್ಕೆ ಅವರ ಬ್ಯಾಂಡ್ ಫಾಸ್ಟರ್ ದಿ ಪೀಪಲ್‌ಗೆ ಕಂಪನಿ ಸಿಕ್ಕಿತು, ಮರುವರ್ಷ ಹಾಡು ಅಮೆರಿಕದ ಬಿಲ್‌ಬೋರ್ಡ್ ಪಟ್ಟಿಯಲ್ಲಿ 3ನೇ ಸ್ಥಾನದಲ್ಲಿತ್ತು. ‘ಕಿಕ್ಸ್’ ಅಂದರೆ ಅಲ್ಲಿನ ಆಡುಮಾತಿನಲ್ಲಿ ಶೂ. 1989ರಲ್ಲಿ ರೀಬಾಕ್ ‘ಪಂಪ್’ ಅನ್ನೋ ಶೂ ಬಂದಿತ್ತು, ಗುಂಡಿ ಒತ್ತಿ ಒಳಗೆ ಗಾಳಿ ತುಂಬಿಕೊಳ್ಳೋದು, ಬೆಲೆ 170 ಡಾಲರ್. ಇದ್ದವರ ಮನೆ ಮಕ್ಕಳ ಶೂ. ಶೀರ್ಷಿಕೆಯಲ್ಲೇ ಒಂದು ಹೊಟ್ಟೆಕಿಚ್ಚು ಇದೆ.

ಹಾಡಿನ ವಸ್ತು, ಅಪ್ಪನ ಬೀರುವಿನಲ್ಲಿ ಬಂದೂಕು ಸಿಕ್ಕಿದ ಒಬ್ಬ ಹುಡುಗ. ಓರಗೆಯವರ ಮೇಲೆ ಅದನ್ನು ತಿರುಗಿಸುವ ಯೋಚನೆ ಅವನ ತಲೆಯಲ್ಲಿದೆ. ಇದು ತಿಳಿದ ಕೂಡಲೇ ಕೆಲವರಿಗೆ ಹಾಡು ಅಸಹ್ಯವಾಗುತ್ತೆ. ‘ಕೊಲೆಯನ್ನು ಕುಣಿದು ಸಂಭ್ರಮಿಸೋ ಹಾಡಿದು’ ಅನ್ನೋ ದೂರು. 2012ರ ಡಿಸೆಂಬರ್ 14ರಂದು ಕನೆಕ್ಟಿಕಟ್‌ನ ಸ್ಯಾಂಡಿ ಹುಕ್ ಶಾಲೆಯಲ್ಲಿ 20 ಮಕ್ಕಳು, 6 ಮಂದಿ ಸಿಬ್ಬಂದಿ ಗುಂಡಿಗೆ ಬಲಿಯಾದಾಗ ಅಲ್ಲಿನ ರೇಡಿಯೋಗಳು ಈ ಹಾಡನ್ನು ಕೈಬಿಟ್ಟವು. ಸೂತಕದ ಮನೆ ಎದುರು ಸಿಳ್ಳೆ ಹಾಕಬಾರದು ಅನ್ನೋ ಕಾರಣಕ್ಕೆ ಬಿಟ್ಟಿದ್ದರೆ ಸರಿಯೇ. ಸಂಭ್ರಮದ ಆರೋಪ ಮಾತ್ರ ಲಿರಿಕ್ಸ್ ಮುಂದೆ ನಿಲ್ಲಲ್ಲ.

ಡಯಾಗ್ರಾಮ್ ಬರೆಯೋಣ. ಮೊದಲ ಚರಣದಲ್ಲಿ ‘ಅವನು’ ಇದ್ದಾನೆ, ರಾಬರ್ಟ್ ಅಂತ ಹೆಸರೂ ಇದೆ. ಹೇಳ್ತಿರೋದು ಹೊರಗಿನಿಂದ ನೋಡ್ತಿರೋ ಯಾರೋ. ಹುಡುಗನ ಬಾಯಲ್ಲಿ ಸಿಗರೇಟು ಇರೋದನ್ನು, ಅವನ ಕೈಗೆ ಬಂದೂಕು ಸಿಕ್ಕಿರೋದನ್ನು ಆ ಯಾರೋ ಬಲ್ಲ. ಅವನು ಏನೋ ಯೋಚಿಸಿದ್ದಾನೆ, ಬಾಯಿ ಬಿಡ್ತಿಲ್ಲ ಅನ್ನೋದೂ ಗೊತ್ತು. ಆದರೂ ಅದೇನೋ ತನಗೆ ತಿಳೀದು ಅಂತಾನೆ. ಪಕ್ಕದ ಮನೆಯವನೋ ಕ್ಲಾಸ್‌ಮೇಟೋ, ಹಾಡು ಹೇಳಲ್ಲ. ಇಷ್ಟೆಲ್ಲ ನೋಡಿದವನು ಯಾರಿಗಾದರೂ ಹೇಳಿದನಾ? ಅದನ್ನೂ ಹಾಡು ಹೇಳಲ್ಲ.

ಪಲ್ಲವಿ ಬಂದ ಕೂಡಲೇ ‘ಅವನು’ ಮಾಯ, ‘ನನ್ನ’ ಬಂದುಬಿಡುತ್ತೆ. ಈಗ ಹುಡುಗನೇ ಬಾಯಿಬಿಟ್ಟಿದ್ದಾನೆ, ಆ ದುಬಾರಿ ಶೂ ಹಾಕಿದ ಮಕ್ಕಳಿಗೆ ಓಡಿ ಅಂತಿದ್ದಾನೆ. ಎರಡನೇ ಚರಣ ಪೂರ್ತಿ ಅವನದೇ ದನಿ. ಅಲ್ಲಿ ಏನಿದೆ ಅಂತ ನೋಡಿದರೆ, ದಿನವಿಡೀ ದುಡಿದು ಹೊತ್ತಾಗಿ ಮನೆಗೆ ಬರುವ ಅಪ್ಪ, ಅಡುಗೆಮನೆಯಲ್ಲಿ ಐಸ್ ಹಿಡಿದ ರಾತ್ರಿಯೂಟ, ಬಹಳ ಹೊತ್ತಿನಿಂದ ಕಾಯ್ತಿರೋ ಹುಡುಗ. ನಮ್ಮ ಪ್ರಕಾರ ಹಾಡಿನ ಭಾರವೆಲ್ಲ ಇರೋದು ಆ ತಣ್ಣಗಿನ ಊಟದಲ್ಲಿ. ಅಪ್ಪ ಕೆಟ್ಟವನು ಅಂತಲೂ ಹೇಳಿಲ್ಲ, ಹುಡುಗ ಪಾಪದವನು ಅಂತಲೂ ಹೇಳಿಲ್ಲ. ಹಾಡಿನಲ್ಲಿ ಒಂದು ಗುಂಡೂ ಹಾರುವುದಿಲ್ಲ, ಅದನ್ನೂ ಗಮನಿಸಿ. ಎಲ್ಲ ತಲೆಯೊಳಗೇ. ಆ ಖುಷಿಯ ಟ್ಯೂನು ಕೂಡ ಹೊರಗಿನ ಲೋಕದ್ದು ಅಂತ ನಾವು ಓದ್ತೀವಿ, ಹುಡುಗ ಕಿಟಕಿಯಿಂದ ನೋಡ್ತಿರೋ ಬಿಸಿಲು ಅದು. ಚರಣಗಳಲ್ಲಿ ದನಿ ಹಳೇ ಟೆಲಿಫೋನ್ ಒಳಗಿಂದ ಬಂದ ಹಾಗೆ ಒಡೆದಿರೋದು, ಪಲ್ಲವಿಯಲ್ಲಿ ತಿಳಿಯಾಗೋದು ಈ ಓದಿಗೆ ಒತ್ತು ಕೊಡುತ್ತೆ. ಇಲ್ಲ, ಹಾಡು ಓಡಲಿ ಅಂತ ಹಾಕಿದ ಟ್ಯೂನಷ್ಟೇ ಅದು ಅನ್ನುವವರೂ ನಮ್ಮಲ್ಲೇ ಇದ್ದಾರೆ, ವಾದ ಇನ್ನೂ ಮುಗಿದಿಲ್ಲ.

ಫಾಸ್ಟರ್ ತಾವು ಒಂಟಿಯಾದ, ತಲೆ ಕೆಟ್ಟ ಹುಡುಗನ ಮನಸ್ಸಿನೊಳಗೆ ಹೋಗಲು ಪ್ರಯತ್ನಿಸಿದ್ದಾಗಿ ಹೇಳಿದ್ದಾರೆ. ಬ್ಯಾಂಡಿನ ಅಂದಿನ ಬೇಸ್ ವಾದಕನ ಸಂಬಂಧಿಯೊಬ್ಬರು 1999ರ ಕೊಲಂಬೈನ್ ಶಾಲೆಯ ಹತ್ಯಾಕಾಂಡದಿಂದ ಬದುಕಿ ಬಂದವರು. ಇದು ಅವರಿಗೆ ತಮಾಷೆಯ ವಿಷಯವಾಗಿರಲಿಲ್ಲ. ಅಷ್ಟಾದರೂ, ಶಾಲೆಗಳಲ್ಲಿ ಗುಂಡಿನ ದಾಳಿ ನಿಲ್ಲದಿದ್ದಾಗ, ಈ ಹಾಡನ್ನು ವೇದಿಕೆಯಲ್ಲಿ ಹಾಡೋದನ್ನೇ ನಿಲ್ಲಿಸೋ ಯೋಚನೆ ಇದೆ ಅಂತ 2019ರಲ್ಲಿ ಫಾಸ್ಟರ್ ಹೇಳಿದರು. ಬರೆದವನ ಉದ್ದೇಶ ಒಳ್ಳೇದಿದ್ದ ಮಾತ್ರಕ್ಕೆ ಕೇಳುವವರ ಗಾಯ ಸುಮ್ಮನಿರಲ್ಲ ಅಂತ ಅವರಿಗೆ ಅನ್ನಿಸಿರಬೇಕು.

ಹಾಗಾದರೆ ನಮ್ಮ ಕ್ಯಾಂಪಸ್ ಬ್ಯಾಂಡು ಇದನ್ನು ಹಾಡಬೇಕಾ ಬೇಡವಾ? ಕ್ಲಬ್ಬಿನಲ್ಲಿ ಈ ಬಗ್ಗೆ ಒಮ್ಮತ ಇಲ್ಲ. ಹಾಡಲಿ ಅನ್ನುವವರ ಕಡೆಗೇ ನಮ್ಮ ವೋಟು, ಎರಡನೇ ಚರಣ ಎಗರಿಸದೆ ಹಾಡೋದಾದರೆ. ಫೆಸ್ಟ್‌ನಲ್ಲಿ ಟೈಮ್ ಉಳಿಸಲು ಮೊದಲು ಕತ್ತರಿ ಬೀಳೋದು ಅದಕ್ಕೇ. ಹಾಡುವಾಗ ಸುಮ್ಮನೆ ಗ್ರೌಂಡಿನತ್ತ ಒಂದು ಸಲ ಕಣ್ಣು ಹಾಯಿಸಿ. ಪಲ್ಲವಿಗೆ ಎಲ್ಲರೂ ದನಿ ಸೇರಿಸ್ತಾರೆ, ಆ ‘ನನ್ನ’ ಅನ್ನೋ ಪದ ಒಟ್ಟಿಗೇ ನೂರಾರು ಬಾಯಲ್ಲಿ ಬರುತ್ತೆ, ರಾಬರ್ಟ್‌ನ ದನಿಯಲ್ಲಿ. ಮತ್ತೆ ಅವರೆಲ್ಲರ ಕಾಲಲ್ಲೂ ಒಳ್ಳೊಳ್ಳೆ ಶೂಗಳೇ ಇರುತ್ತವೆ.