ಹಡಗಿನ ನೆತ್ತಿಯ ಮೇಲೆ ನಿಂತ ಅಲೆ

ವಿಹಾರನೌಕೆಯ ಹಿಂತುದಿಯ ಡೆಕ್ಕಿನಲ್ಲಿ ಮೂರ್ನಾಲ್ಕು ಅಂಗುಲ ನೀರಿನ ಮೇಲೆ ಸರ್ಫಿಂಗ್! ಕಡಲಿಗಿಳಿಯಲು ಅಂಜುವವರಿಗೂ ತೆರೆಯ ರುಚಿ ಹತ್ತಿಸುವ ಈ ಯಂತ್ರ ಏನು ಕಲಿಸುತ್ತದೆ, ಏನನ್ನು ಕಲಿಸಲಾರದು?

ಮಲಕ್ಕಾ ಜಲಸಂಧಿ ಸರ್ಫಿಂಗ್‌ಗೆ ಹೆಸರಾದ ಜಾಗವಲ್ಲ. ಒಂದು ಕಡೆ ಸುಮಾತ್ರಾ, ಇನ್ನೊಂದು ಕಡೆ ಮಲಯಾ ಪರ್ಯಾಯ ದ್ವೀಪ. ನಡುವೆ ಸಿಕ್ಕ ನೀರು ಹೆಚ್ಚಿನ ದಿನ ಶಾಂತವಾಗಿಯೇ ಇರುತ್ತದೆ. ಆದರೆ ಸಿಂಗಪುರದಿಂದ ಪೆನಾಂಗ್, ಫುಕೆಟ್ ಕಡೆಗೆ ಹೊರಡುವ ದೊಡ್ಡ ವಿಹಾರನೌಕೆಗಳಲ್ಲಿ ಮೇಲಿನ ಡೆಕ್ಕಿನ ಹಿಂತುದಿಗೆ ಹೋದರೆ, ಎದುರಿಗೆ ನಿಂತವರ ಮಾತೂ ಕೇಳಿಸದಷ್ಟು ಭೋರ್ಗರೆತ. ನೀಲಿ ಇಳಿಜಾರಿನ ಮೇಲೆ ಬಿಳಿ ನೊರೆ ಕಾರುತ್ತಾ ನೀರು ಮೇಲಕ್ಕೆ ನುಗ್ಗುತ್ತಿರುತ್ತದೆ. ಅದರ ಮೇಲೊಬ್ಬ ಹುಡುಗ ಹಲಗೆ ಮೆಟ್ಟಿ, ಮಂಡಿ ಬಾಗಿಸಿ, ಇದ್ದಲ್ಲೇ ತೂಗುತ್ತಿರುತ್ತಾನೆ. ಮೆಟ್ಟಿಲುಗಳ ಮೇಲೆ ಕುಳಿತ ಜನ ಅವನು ನಿಂತರೂ ಚಪ್ಪಾಳೆ ತಟ್ಟುತ್ತಾರೆ, ಬಿದ್ದರೂ ತಟ್ಟುತ್ತಾರೆ.

ಇದು ಫ್ಲೋರೈಡರ್. ಬೆಂಗಳೂರು, ಹುಬ್ಬಳ್ಳಿ, ದಾವಣಗೆರೆಗಳಿಂದ ಸಿಂಗಪುರ ಪ್ರವಾಸಕ್ಕೆ ಹೋಗಿ, ಜೊತೆಗೆ ಕೆಲವು ದಿನಗಳ ಕ್ರೂಸ್ ಸೇರಿಸಿಕೊಳ್ಳುವ ಕುಟುಂಬಗಳು ಈಗ ಕಡಿಮೆಯಿಲ್ಲ. ಅವರಲ್ಲಿ ಹಲವರು ಇದನ್ನು ನೋಡಿ, ಫೋಟೊ ತೆಗೆದುಕೊಂಡು ಮುಂದೆ ಹೋಗುತ್ತಾರೆ. ಮುಂದೆ ಹೋಗಬೇಡಿ, ಸಾಲಿನಲ್ಲಿ ನಿಲ್ಲಿ ಎಂದು ಹೇಳುವುದಕ್ಕೇ ಈ ಬರಹ.

ಟೆಕ್ಸಸ್‌ನಿಂದ ಕಡಲಿಗೆ

ಫ್ಲೋರೈಡರ್ ಹುಟ್ಟಿದ್ದು ನೆಲದ ಮೇಲೆ. ಕ್ಯಾಲಿಫೋರ್ನಿಯಾದ ಸರ್ಫರ್ ಟಾಮ್ ಲೋಕ್ಟೆಫೆಲ್ಡ್ ಇದರ ಜನಕ. ಅಲೆಗಾಗಿ ಕಾಯುವ ಬದಲು ಒಂದೇ ಕಡೆ ನಿಲ್ಲುವ ಅಲೆಯನ್ನು ಕಟ್ಟಬಹುದೇ ಎಂಬ ಹಂಬಲ ಅವರದು. 1991ರಲ್ಲಿ ಟೆಕ್ಸಸ್‌ನ ನ್ಯೂ ಬ್ರೌನ್‌ಫೆಲ್ಸ್ ಊರಿನ ಶ್ಲಿಟರ್‌ಬಾನ್ ವಾಟರ್ ಪಾರ್ಕಿನಲ್ಲಿ ಅಂಥ ಮೊದಲ ಅಲೆ ಹರಿಯಿತು. ಹದಿನೈದು ವರ್ಷಗಳ ಬಳಿಕ, 2006ರಲ್ಲಿ, ರಾಯಲ್ ಕೆರಿಬಿಯನ್ ಕಂಪನಿ ಫಿನ್ಲೆಂಡಿನ ತುರ್ಕುವಿನಲ್ಲಿ ಕಟ್ಟಿಸಿದ ‘ಫ್ರೀಡಂ ಆಫ್ ದಿ ಸೀಸ್’ ಹಡಗಿನ ಮೇಲೆ ಅದು ಸಮುದ್ರಕ್ಕಿಳಿಯಿತು. ಆಗ ಜಗತ್ತಿನಲ್ಲೇ ಅತಿ ದೊಡ್ಡ ಪ್ರಯಾಣಿಕ ಹಡಗು ಅದು. 2009ರಲ್ಲಿ ಬಂದ ‘ಒಯಾಸಿಸ್ ಆಫ್ ದಿ ಸೀಸ್’ ಮೇಲೆ ಎರಡೆರಡು ಫ್ಲೋರೈಡರ್‌ಗಳು ಕೂತವು.

ಹಡಗಿನ ಮೇಲೆ ಇದನ್ನು ಕೂರಿಸುವುದು ಸಣ್ಣ ಸಾಹಸವಲ್ಲ. ಸುಮಾರು 40 ಅಡಿ ಉದ್ದ, 32 ಅಡಿ ಅಗಲದ ಈ ಇಳಿಜಾರಿಗೆ ಪಂಪ್‌ಗಳು ನಿಮಿಷಕ್ಕೆ 30,000 ಗ್ಯಾಲನ್, ಅಂದರೆ ಲಕ್ಷ ಲೀಟರಿಗೂ ಹೆಚ್ಚು ನೀರು ನುಗ್ಗಿಸುತ್ತವೆ. ಮೇಲಂಚು ದಾಟಿದ ನೀರು ಜಾಲರಿಯ ಮೂಲಕ ತೊಟ್ಟಿಗಿಳಿದು ಮತ್ತೆ ಪಂಪಿಗೆ ಬರುತ್ತದೆ. ಭಾರ ಎತ್ತರಕ್ಕೆ ಹೋದಷ್ಟೂ ಹಡಗಿನ ಸ್ಥಿರತೆ ತಗ್ಗುತ್ತದೆ, ಆಚೀಚೆ ತುಳುಕುವ ನೀರು ಅದನ್ನು ಇನ್ನಷ್ಟು ತಗ್ಗಿಸುತ್ತದೆ. ಹಡಗು ಕಟ್ಟುವವರು ಇದನ್ನೆಲ್ಲ ಮೊದಲೇ ಲೆಕ್ಕ ಹಾಕಿರಬೇಕು. ಗಾಳಿ ಜೋರಾದಾಗ, ಹಡಗು ಹೊಯ್ದಾಡಿದಾಗ ಫ್ಲೋರೈಡರ್ ಮುಚ್ಚುತ್ತಾರೆ.

ಓಡುವುದು ನೀರು, ನಿಲ್ಲುವುದು ನಾವು

ಕಡಲಿನಲ್ಲಿ ಅಲೆ ದಡದತ್ತ ಧಾವಿಸುತ್ತದೆ. ಆದರೆ ಅಲ್ಲಿನ ನೀರು ಹೆಚ್ಚು ದೂರ ಸಾಗುವುದಿಲ್ಲ, ಸಾಗುವುದು ಅಲೆಯ ಶಕ್ತಿ. ಸರ್ಫರ್ ಆ ಅಲೆಯ ಮುಖದ ಮೇಲೆ ಜಾರುತ್ತಾ ಜೊತೆಗೇ ಹೋಗುತ್ತಾನೆ. ಹಡಗಿನ ಮೇಲೆ ಲೆಕ್ಕ ತಲೆಕೆಳಗು. ಕೆರೆ ಕೋಡಿ ಬಿದ್ದಾಗ ಕಲ್ಲುಹಾಸಿನ ಮೇಲೆ ನೀರು ತೆಳ್ಳಗೆ ಜಾರುತ್ತದಲ್ಲ, ಅದೇ ಹರಿವು ಕೆಳಗಿನಿಂದ ಮೇಲಕ್ಕೆ ಗಂಟೆಗೆ 50 ಕಿ.ಮೀ. ಆಸುಪಾಸಿನ ವೇಗದಲ್ಲಿ ಓಡಿದರೆ ಹೇಗೋ, ಫ್ಲೋರೈಡರ್ ಹಾಗೆ. ಹಲಗೆಯನ್ನು ನೀರು ಮೇಲಕ್ಕೆ ತಳ್ಳುತ್ತದೆ, ಮೈಭಾರ ಇಳಿಜಾರಿನಲ್ಲಿ ಕೆಳಕ್ಕೆ ಎಳೆಯುತ್ತದೆ. ಎರಡೂ ಸಮವಾದ ಜಾಗದಲ್ಲಿ ಸವಾರ ನಿಲ್ಲುತ್ತಾನೆ. ನೀರಿನಡಿ ಇರುವುದು ಕಾಂಕ್ರೀಟಲ್ಲ. ಬಿಗಿಯಾಗಿ ಎಳೆದು ಕಟ್ಟಿದ, ಬಿದ್ದರೆ ಮೈಗೆ ಮಣಿಯುವ ಹಾಸು.

ಮೊದಲು ಮಲಗಿ ಸವಾರಿ ಮಾಡುವ ಬೋಗಿ ಬೋರ್ಡ್. ಹಲಗೆಯನ್ನು ಎದೆಗೆ ಆನಿಸಿಕೊಂಡು ನೀರಿನ ಮೇಲೆ ಬೀಳುವುದು, ಮೊಣಕೈ ಊರುವುದು, ಹಲಗೆಯ ಮೂತಿಯನ್ನು ತುಸು ಎತ್ತಿ ಹಿಡಿಯುವುದು. ಮೂತಿ ತಗ್ಗಿತೋ, ನೀರು ಅದರ ಮೇಲೆ ಹತ್ತಿ ಹಲಗೆಯನ್ನು ಕಸಿದುಕೊಂಡು ಹೋಗುತ್ತದೆ. ನೀರು ಮುಖಕ್ಕೆ ರಾಚುವ ಮೊದಲ ಕ್ಷಣಗಳಲ್ಲಿ ನನಗೆ ಕಣ್ಣು ಬಿಡಲೂ ಆಗಲಿಲ್ಲ. ಆಮೇಲೆ ಗೊತ್ತಾಯಿತು: ಮೈ ಬಿಗಿ ಹಿಡಿದಷ್ಟೂ ಹಲಗೆ ಅದುರುತ್ತದೆ, ಸಡಿಲ ಬಿಟ್ಟರೆ ತಾನೇ ಹದಕ್ಕೆ ಬರುತ್ತದೆ. ಎಡ ಮೊಣಕೈ ಒತ್ತಿದರೆ ಎಡಕ್ಕೆ, ಬಲ ಮೊಣಕೈ ಒತ್ತಿದರೆ ಬಲಕ್ಕೆ. ಅಷ್ಟು ರಭಸದ ನೀರು ಇಷ್ಟು ಸಣ್ಣ ಸನ್ನೆಗೆ ಓಗೊಡುತ್ತದೆ ಎಂಬುದೇ ದೊಡ್ಡ ಬೆರಗು.

ನಿಂತು ಮಾಡುವ ಸವಾರಿಯ ಹಲಗೆ ಬೇರೆ. ನೀರು ಇಷ್ಟು ತೆಳುವಾದ್ದರಿಂದ ಅದರ ಅಡಿಯಲ್ಲಿ ಕಡಲ ಸರ್ಫ್ ಬೋರ್ಡಿಗಿರುವ ರೆಕ್ಕೆಗಳಿರುವುದಿಲ್ಲ. ತರಬೇತುದಾರ ಕೈ ಹಿಡಿದು ನಿಲ್ಲಿಸಿ ಮತ್ತೆ ಮತ್ತೆ ಹೇಳುವುದು ಎರಡೇ ಮಾತು: ಭಾರ ಹಿಂದಿನ ಕಾಲಿನ ಮೇಲಿರಲಿ, ಕಣ್ಣು ಎದುರಿಗಿರಲಿ. ಹೆದರಿದಾಗ ನಾವು ಮುಂದಕ್ಕೆ ಬಾಗುತ್ತೇವೆ, ಪಾದ ನೋಡುತ್ತೇವೆ. ಇಲ್ಲಿ ಎರಡನ್ನೂ ಬಿಡಬೇಕು. ಅವರ ಕೈ ಬಿಟ್ಟ ಮೇಲೆ ಒಂಟಿಯಾಗಿ ನಿಂತ ಆ ಕೆಲವೇ ಕ್ಷಣ ಪಾದದಡಿ ನೀರಿನ ಗುಡುಗು ಮಂಡಿಯವರೆಗೂ ಏರಿ ಬರುತ್ತದೆ. ಬಿದ್ದರೆ ನೀರೇ ಎತ್ತಿ, ಮೇಲಂಚಿನಾಚೆಯ ಮೆತ್ತನೆಯ ಜಾಗಕ್ಕೆ ಒಯ್ದು ಹಾಕುತ್ತದೆ.

ನನ್ನ ಮುಂದೆ ಸಾಲಿನಲ್ಲಿದ್ದವರು ದಾವಣಗೆರೆಯ ಕಡೆಯ ತಾಯಿ-ಮಗಳು. ತಾಯಿಗೆ ಐವತ್ತರ ಮೇಲಿರಬೇಕು. ಕಿವಿಯ ಓಲೆ, ಕೈಬಳೆ ಬಿಚ್ಚಿ ಮಗಳಿಗೆ ಕೊಟ್ಟು ಹಲಗೆ ಅಪ್ಪಿಕೊಂಡು ಹೊರಟರು. “ಅಮ್ಮಾ, ಮೊಣಕೈ ಊರು, ತಲೆ ಎತ್ತು” ಎಂದು ಮಗಳು ಕೂಗುತ್ತಿದ್ದಳು. ಅವರು ನೀರಿನ ಮೇಲೆ ನಿಂತರು, ಒಮ್ಮೆ ಎಡಕ್ಕೆ ಹೊರಳಿ ಬಂದರು, ಆಮೇಲೆ ಮೇಲಕ್ಕೆ ಕೊಚ್ಚಿಹೋದರು. ನೀರು ಸೋರುತ್ತಲೇ ಎದ್ದು ಬಂದು ಮಗಳಿಗೆ ಹೇಳಿದ್ದು: “ಬಳೆ ನಿನ್ನ ಹತ್ರಾನೇ ಇರ್ಲಿ. ಇನ್ನೊಂದ್ ಸಲ ಹೋಗಿ ಬರ್ತೀನಿ.”

ಏರುವ ಮುನ್ನ

ಮಲಗಿ ಸವಾರಿ ಮಾಡಲು 52 ಅಂಗುಲ, ನಿಂತು ಮಾಡಲು 58 ಅಂಗುಲ ಎತ್ತರ ಇರಬೇಕು. ಅಪಾಯ ನನಗೆ ಗೊತ್ತಿದೆ ಎಂಬ ಒಪ್ಪಿಗೆ ಪತ್ರಕ್ಕೆ ಸಹಿ ಹಾಕಬೇಕು. ಅದನ್ನು ಓದಿಯೇ ಹಾಕಿ, ಇಲ್ಲಿ ಭುಜ, ಮಣಿಕಟ್ಟು, ಕಾಲ್ಬೆರಳಿಗೆ ಪೆಟ್ಟಾಗುವುದುಂಟು. ಕುತ್ತಿಗೆ, ಬೆನ್ನು, ಮಂಡಿಯ ತೊಂದರೆ ಇರುವವರು, ಗರ್ಭಿಣಿಯರು ನೋಡಿ ಖುಷಿಪಡುವುದೇ ಸರಿ. ಬೀಳುವಾಗ ಅಂಗೈ ಊರಬೇಡಿ. ಕೈಗಳನ್ನು ಮೈಗೆ ಸೇರಿಸಿ, ಗದ್ದ ಎದೆಗೆ ಒತ್ತಿ, ಕುಳಿತುಕೊಳ್ಳುವಂತೆ ಬೀಳಿ. ಹಡಗು ಬಂದರಿನಲ್ಲಿ ನಿಂತು ಹೆಚ್ಚಿನವರು ಊರು ನೋಡಲು ಇಳಿದ ಹೊತ್ತಿನಲ್ಲಿ ಫ್ಲೋರೈಡರ್ ತೆರೆದಿದ್ದರೆ ಸಾಲು ಚಿಕ್ಕದಿರುತ್ತದೆ.

ಕಡಲೇ ಕಲಿಸಬೇಕಾದ್ದು

ಯಂತ್ರದ ಅಲೆ ನಿಜವಾದ ಅಲೆಯಲ್ಲ ಎಂದು ಮೂಗು ಮುರಿಯುವವರಿದ್ದಾರೆ. ನಿಜ, ಕಡಲ ಸರ್ಫಿಂಗ್‌ನಲ್ಲಿ ಹಲಗೆಯ ಮೇಲೆ ನಿಲ್ಲುವುದು ಒಂದು ಪಾಲು ಮಾತ್ರ. ತೋಳು ಸೋಲುವಷ್ಟು ನೀರು ಎಳೆದು ಆಳಕ್ಕೆ ಹೋಗಬೇಕು, ಸೆಳೆತ ಎಲ್ಲಿದೆ ಎಂದು ಅರಿಯಬೇಕು, ಬರುವ ತೆರೆಗಳಲ್ಲಿ ಯಾವುದು ನಮ್ಮದು ಎಂದು ಗುರುತಿಸಬೇಕು, ಉಳಿದವನ್ನು ಬಿಡಬೇಕು. ಇದ್ಯಾವುದೂ ಡೆಕ್ಕಿನ ಮೇಲೆ ಸಿಗುವುದಿಲ್ಲ. ಆದರೆ ಕಡಲಿನಲ್ಲಿ ಹೊಸಬರಿಗೆ ಇಡೀ ಬೆಳಿಗ್ಗೆ ಕಾದರೂ ಹಲಗೆಯ ಮೇಲೆ ನಿಲ್ಲುವ ಭಾಗ್ಯ ಸಿಗದೆ ಹೋಗಬಹುದು. ಫ್ಲೋರೈಡರ್ ಆ ಒಂದು ಪಾಲನ್ನು, ಸಮತೋಲದ ಸುಖವನ್ನು, ಬಿಡಿಸಿ ಕೈಗೆ ಕೊಡುತ್ತದೆ. ನೀರೆಂದರೆ ದೂರ ನಿಲ್ಲಬೇಕಾದದ್ದು ಎಂದೇ ಬೆಳೆದ ನಮ್ಮಂಥ ಬಯಲುಸೀಮೆಯವರಿಗೆ ಈ ಸಣ್ಣ ಪಾಲು ದೊಡ್ಡದು.

ಅದನ್ನು ಉಂಡವರು ಅಲ್ಲಿಗೇ ನಿಲ್ಲಬಾರದು ಎಂಬುದು ನನ್ನ ಆಸೆ. ಮಂಗಳೂರಿನಿಂದ ಸ್ವಲ್ಪವೇ ದೂರದ ಮೂಲ್ಕಿಯಲ್ಲಿ 2004ರಿಂದಲೇ ಸರ್ಫಿಂಗ್ ಕಲಿಕೆ ನಡೆದಿದೆ. ಅಮೆರಿಕದಿಂದ ಬಂದ ಜ್ಯಾಕ್ ಹೆಬ್ನರ್ ಅವರು ಅಲ್ಲಿನ ಆಶ್ರಮದಲ್ಲಿ ಶುರುಮಾಡಿದ ಮಂತ್ರ ಸರ್ಫ್ ಕ್ಲಬ್ ಕರಾವಳಿಯ ಹುಡುಗ ಹುಡುಗಿಯರನ್ನು ತೆರೆಗೆ ಇಳಿಸಿತು. ಪಕ್ಕದ ಸಸಿಹಿತ್ಲು ಕಡಲತೀರದಲ್ಲಿ ಇಂಡಿಯನ್ ಓಪನ್ ಆಫ್ ಸರ್ಫಿಂಗ್ ಸ್ಪರ್ಧೆ ನಡೆದಿದೆ. ಲಕ್ಷಾಂತರ ರೂಪಾಯಿ ಸುರಿದು ಸಿಂಗಪುರಕ್ಕೆ ಹೋಗದಿದ್ದರೂ ಅಲ್ಲಿ ಹಲಗೆ ಸಿಗುತ್ತದೆ, ಕಲಿಸುವವರೂ ಸಿಗುತ್ತಾರೆ. ಮೊದಲು ಈಜು ಕಲಿಯಿರಿ, ಮಳೆಗಾಲ ಮುಗಿಯಲಿ, ಆಮೇಲೆ ಮೂಲ್ಕಿಗೆ ಹೋಗಿ. ಹಡಗಿನ ಮೇಲೆ ಹಿಂದಿನ ಕಾಲನ್ನು ನಂಬಲು ಕಲಿತವರಿಗೆ ಅಲ್ಲಿ ಕಾಯುವುದನ್ನು ಕಡಲು ಕಲಿಸುತ್ತದೆ. ಎರಡೂ ಬಂದ ದಿನ ಸರ್ಫಿಂಗ್ ನಿಮ್ಮದಾಗುತ್ತದೆ.