ಕಣಜವಾಗಿದ್ದ ಚರ್ಚು

ಇಂಗ್ಲೆಂಡಿನ ಎಸೆಕ್ಸ್ ಕರಾವಳಿಯ ಬ್ರ್ಯಾಡ್‌ವೆಲ್ ಊರಿನಿಂದ ಸಮುದ್ರದ ಕಡೆ ನಡೆದರೆ, ಹೊಲಗಳು ಮುಗಿದು ಜವುಗು ಶುರುವಾಗುವಲ್ಲಿ ಎತ್ತರದ ಕಲ್ಲು ಕಟ್ಟಡವೊಂದು ಒಂಟಿಯಾಗಿ ನಿಂತಿದೆ. ಬಹುಕಾಲ ಅದು ರೈತರ ಕಣಜ. ಗಾಡಿಗಳು ಒಳಗೆ ಹೋಗಲೆಂದು ಪಕ್ಕದ ಗೋಡೆಗಳನ್ನು ಒಡೆದು ದೊಡ್ಡ ಬಾಗಿಲು ಮಾಡಿದ್ದರು.

ಆದರೆ ಅದು ಮೊದಲು ಏನಾಗಿತ್ತು ಎಂಬುದರ ಸುಳಿವು ಒಂದು ಹಳೆಯ ಗ್ರಂಥದಲ್ಲಿತ್ತು. ಬೀಡ್ ಎಂಬ ಸನ್ಯಾಸಿ 731ರಲ್ಲಿ ಮುಗಿಸಿದ ಚರಿತ್ರೆಯಲ್ಲಿ ಸಂತ ಸೆಡ್ಡನ ಕತೆ ಬರುತ್ತದೆ. ಉತ್ತರದಿಂದ ಬಂದ ಸೆಡ್ಡ, ಪಂಟ ನದಿಯ ದಡದ ಇಥಾನ್‌ಸೆಸ್ಟರ್‌ನಲ್ಲಿ ಜನರಿಗೆ ದೀಕ್ಷಾಸ್ನಾನ ಕೊಡಿಸಿದನಂತೆ. ಪಂಟ ಎಂದರೆ ಇಲ್ಲಿಯೇ ಕಡಲು ಸೇರುವ ಇಂದಿನ ಬ್ಲ್ಯಾಕ್‌ವಾಟರ್.

1864ರ ಸುಮಾರಿಗೆ ಕಡಲಂಚಿನ ಜವುಗನ್ನು ಸಾಗುವಳಿಗೆ ತರುವ ಕೆಲಸ ನಡೆದಾಗ, ಮಣ್ಣಿನಡಿ ರೋಮನ್ನರ ಕೋಟೆಗೋಡೆ ಸಿಕ್ಕಿತು. ಅದು ಮೂರನೆಯ ಶತಮಾನದ ಒಥೋನ ಕೋಟೆ; ಬೀಡ್ ಹೇಳಿದ ಇಥಾನ್‌ಸೆಸ್ಟರ್ ಇದೇ. ಕಣಜ ನಿಂತದ್ದು ಸರಿಯಾಗಿ ಆ ಕೋಟೆಯ ಪಶ್ಚಿಮ ಹೆಬ್ಬಾಗಿಲಿನ ಮೇಲೆ!

ಆಮೇಲೆ ಕಟ್ಟಡವೇ ಸಾಕ್ಷಿ ಹೇಳಿತು. ಗೋಡೆಯ ಕಲ್ಲುಗಳ ನಡುವೆ ಚಪ್ಪಟೆಯಾದ ಕೆಂಪು ರೋಮನ್ ಇಟ್ಟಿಗೆಗಳಿವೆ. ಕೋಟೆಯನ್ನು ಬಿಚ್ಚಿಯೇ ಇದನ್ನು ಕಟ್ಟಿದ್ದು. ಪೂರ್ವದ ಗೋಡೆಯಲ್ಲಿ ಅದೇ ಇಟ್ಟಿಗೆಯ ಕಮಾನುಗಳು ಶುರುವಾಗಿ ಅರ್ಧಕ್ಕೆ ನಿಂತಿವೆ. ಅದರಾಚೆ ನೆಲದಡಿ ಅರ್ಧವೃತ್ತಾಕಾರದ ಗರ್ಭಗುಡಿಯ ಅಡಿಪಾಯ ಸಿಕ್ಕಿತು. ಕೆಂಟ್ ಪ್ರಾಂತದ ರೆಕಲ್ವರ್‌ನಲ್ಲೂ ರೋಮನ್ ಕೋಟೆಯೊಳಗೆ ಏಳನೆಯ ಶತಮಾನದ ಇಂಥದೇ ವಿನ್ಯಾಸದ ಚರ್ಚು ಇತ್ತು. ಗ್ರಂಥ, ನೆಲ, ಗೋಡೆ ಮೂರೂ ತಾಳೆಯಾದವು. ಇದು 654ರ ಸುಮಾರಿಗೆ ಸೆಡ್ಡ ಕಟ್ಟಿಸಿದ ಚರ್ಚು ಎಂದು ಇಂದು ಇತಿಹಾಸಕಾರರು ಒಪ್ಪುತ್ತಾರೆ.

ಉಳಿದಿರುವುದು ಸುಮಾರು 50 ಅಡಿ ಉದ್ದದ ಮುಖ್ಯ ಸಭಾಂಗಣ ಮಾತ್ರ. ಜೀರ್ಣೋದ್ಧಾರವಾಗಿ 1920ರ ಜೂನ್ 22ರಂದು ಅಲ್ಲಿ ಮತ್ತೆ ಪೂಜೆ ಆರಂಭವಾಯಿತು. ಗಾಡಿ ಬಾಗಿಲುಗಳನ್ನು ಮುಚ್ಚಿದ ತೇಪೆ ಈಗಲೂ ಗೋಡೆಯಲ್ಲಿ ಎದ್ದು ಕಾಣುತ್ತದೆ. ಅದನ್ನು ಗಾಯವೆಂದು ನೋಡಬೇಕಿಲ್ಲ. ಕೋಟೆಯ ಕಲ್ಲುಗಳನ್ನು ಜನ ಹೊತ್ತೊಯ್ದರು, ಗರ್ಭಗುಡಿಯೂ ಹೋಯಿತು. ಕಾಳು ತುಂಬಿಡಲು ಒಂದು ಸೂರು ಬೇಕಾಗಿದ್ದರಿಂದ ಸಭಾಂಗಣ ಉಳಿಯಿತು. ಸೆಡ್ಡನ ಚರ್ಚನ್ನು ಕಾಪಾಡಿದ ಪುಣ್ಯದಲ್ಲಿ ಆ ಹೆಸರಿಲ್ಲದ ರೈತರಿಗೂ ಪಾಲಿದೆ. ಯಾವುದೇ ಊರಿನ ಹಳೆಯ ಕಣಜವನ್ನೋ ಕೊಟ್ಟಿಗೆಯನ್ನೋ ಕೆಡವುವ ಮುನ್ನ, ಅದರ ಗೋಡೆಯನ್ನು ಒಮ್ಮೆ ಹತ್ತಿರದಿಂದ ನೋಡಿ.